ತೀರ ಸಂಖ್ಯೆ ಏಳು

ಮಂಜುಗಡ್ಡೆ ಪುಡಿ ಮಾಡುವ ಮಿಶನ್ನು ಹೊರಗೆ ಗರಗರ ಎನ್ನುತ್ತಿದೆ, ಅದರ ಅದುರಿಗೆ ಮೇಜಿನ ಮೇಲಿನ ಚಹದ ಲೋಟದಲ್ಲಿ ಕೆನೆ ಸಣ್ಣಗೆ ಸುಕ್ಕಾಗಿ ಮತ್ತೆ ಬಿಡಿಸಿಕೊಳ್ಳುತ್ತಿದೆ, ಯಾರು ಯಾವಾಗ ಇಟ್ಟು ಹೋದರೋ, ಆಗಲೇ ಆರಿದೆ, ಕಿಟಕಿಯ ಗಾಜಿಗೆ ಉಪ್ಪಿನ ಪೊರೆ, ಬೆಳಿಗ್ಗೆ ತಾನೆ ಒರೆಸಿದ್ದೆ, ಬೈತಖೋಲ ಬಂದರಿನ ಗಾಳಿಗೆ ಒರೆಸಿದ್ದು ಲೆಕ್ಕಕ್ಕಿಲ್ಲ, ಗಾಜಿನಾಚೆ ಹೆಂಗಸರು ಬುಟ್ಟಿ ಮಗುಚಿ ಅದರ ಮೇಲೆ ಕೂತಿದ್ದರು, ಈಗ ಒಬ್ಬೊಬ್ಬರೇ ಎದ್ದು ಹೋಗಿದ್ದಾರೆ, ಅವರವರ ಬೋಟು ಬಂತು, ಅವರವರ ಮೀನು ಬಂತು, ಉಳಿದವಳು ದುರ್ಗಾ ಒಬ್ಬಳೇ, ನನ್ನ ತಮ್ಮನ ಹೆಂಡತಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ — ಅವಳ ಕಣ್ಣು ಕಡಲಿನ ಮೇಲಿಲ್ಲ, ಒಳಗಿನ ಈ ಪರದೆಯ ಮೇಲಿದೆ, ಹೆಂಗಸರಿಗೆ ಕಾಣಲಿ ಅಂತ ಪರದೆಯನ್ನು ಕಿಟಕಿಯ ಕಡೆ ಓರೆಯಾಗಿ ಇಟ್ಟವಳು ನಾನೇ, ಈಗ ತಿರುಗಿಸಿದರೆ ಇನ್ನೂ ಹೆದರುತ್ತಾಳೆ, ತಿರುಗಿಸದಿದ್ದರೂ ಕಾಣುತ್ತದೆ, ಒಂದು ಬೋಟಿಗೆ ಒಂದು ಚೌಕ, ಕಡಲಲ್ಲಿದ್ದರೆ ಬಿಳಿ, ಬಂದರೆ ಹಸಿರು, ಸುಮ್ಮನೆ ಕಾಯಬೇಕಾದದ್ದಕ್ಕೆ ಹಳದಿ, ತಡವಾದರೆ ಕೆಂಪು, ಬೋಟು ಕಟ್ಟುವ ಧಕ್ಕೆಯ ತುದಿಯಲ್ಲಿ ನಿಂತು ಬೀರಾ ಕೂಗುತ್ತಾನೆ, ಬಂತ್ರೇ ಅಕ್ಕೋರೇ ಮಹಾಸತಿ ಬಂತು, ನಾನು ಒಂದು ಕೀ ಒತ್ತುತ್ತೇನೆ, ಹಸಿರು, ಮಳೆಗಾಲದ ನಿಷೇಧ ಮುಗಿದು ಇವತ್ತು ಮೊದಲ ದಿನ, ಬೀರಾನ ಗಂಟಲು ಮಧ್ಯಾಹ್ನಕ್ಕೇ ಹರಿದುಹೋಗಿತ್ತು, ಪರದೆ ತುಂಬ ಗದ್ದೆಯ ಹಾಗೆ ಹಸಿರು, ನಡುವೆ ಒಂದೇ ಒಂದು ಕೆಂಪು, ಜಲದೇವಿ, ನಮ್ಮಪ್ಪ ಕುಪ್ಪನ ಬೋಟು, ಈಗ ನಿತಿನನ ಬೋಟು, ನಮ್ಮದೇ ಬೋಟು. ಹಿಂದಿನ ಕುರ್ಚಿಯಲ್ಲಿ ಕಿಶನ ಕೂತಿದ್ದಾನೆ, ಮೀನುಗಾರರ ಸಂಘದ ಸೆಕ್ರೆಟರಿ, ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಕೆಂಪು ಬಂದರೆ ಕರಾವಳಿ ಪೊಲೀಸರಿಗೆ ಫೋನು ಮಾಡಬೇಕು, ಹುಡುಕುವ ಬೋಟು ಬಿಡಿಸಬೇಕು, ನಿಯಮ, ನಿಯಮ ಮಾಡಿದ್ದು ಒಳ್ಳೆಯದಕ್ಕೇ, ಪೂರ್ಣಿಮಕ್ಕ ಬೆಳಕಿದ್ದಾಗ್ಲೇ ಫೋನ್ ಮಾಡೂದು ಚಲೋ ಅಲ್ದಾ, ತಡಿಯೋ ಕಿಶನ, ನಿನ್ನ ಚಾ ಆಗ್ಲಿ, ಸರಿ ಚಾ ಆಗೂವರೆಗೆ, ಆಮೇಲೆ ನಾ ನಿಮ್ಮನ್ನ ಕೇಳೂದಿಲ್ಲ ಮತ್ತೆ — ಪಾಪ ಅವನು ಬಸಿಗೆ ಚಹ ಹೊಯ್ದು ಊದಿ ಊದಿ ಕುಡಿಯುತ್ತಿದ್ದಾನೆ, ಆರಿದ ಚಹವನ್ನು ಊದುತ್ತಿದ್ದಾನೆ, ನನಗಾಗಿ.

ನಿತಿನನ ಮೊಬೈಲಿಗೆ ಮಾಡಿದರೆ ಅದೇ ಹೆಂಗಸಿನ ದನಿ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ, ಎಷ್ಟು ತಣ್ಣಗೆ ಹೇಳುತ್ತಾಳೆ ಮಾರಾಯ್ತಿ, ಅವಳಿಗೆ ತಮ್ಮ ಇಲ್ಲವೇನೋ. ಕೆಂಪು. ಯೋಚನೆ ಮಾಡು ಪೂರ್ಣಿಮಾ, ಈ ಕೆಂಪು ಹೇಳುತ್ತಿರುವುದು ಕಡಲಲ್ಲ, ಹೇಳುತ್ತಿರುವುದು ನಿನ್ನ ಪ್ರೋಗ್ರಾಂ, ಪ್ರೋಗ್ರಾಮಿನೊಳಗೆ ‘ತಡವಾಯಿತೇ’ ಅಂತ ಒಂದು ಫಂಕ್ಷನ್, ಬೋಟಿನ ನಂಬರು ಕೊಟ್ಟರೆ ತಡವೋ ಅಲ್ಲವೋ ಹೇಳುವುದಷ್ಟೇ ಅದರ ಕೆಲಸ, ಮೊದಲು ಬರೆದವರು ಹರಿಶ್ಚಂದ್ರ ಮಾಸ್ತರು, ಅಂಕೋಲೆಯ ಬಸ್‌ಸ್ಟ್ಯಾಂಡಿನ ಹಿಂದೆ ಟೈಪಿಂಗ್ ಕ್ಲಾಸು ಇಟ್ಟಿದ್ದವರು, ಟೈಪ್‌ರೈಟರು ತೆಗೆದು ಕಂಪ್ಯೂಟರು ತಂದ ವರ್ಷ ನಾನು ಸೇರಿದ್ದು, ಪುಸ್ತಕ ನೋಡಿ ಅವರು ಕಲಿತರು, ಅವರನ್ನು ನೋಡಿ ನಾನು, ಇಬ್ಬರಿಗೂ ಗುರು ಇಲ್ಲ — ಅವರ ಫಂಕ್ಷನ್ ಹೇಗಿತ್ತು ಅಂದರೆ ಒಂದು ‘ಆದರೆ’ಯ ಹೊಟ್ಟೆಯಲ್ಲಿ ಇನ್ನೊಂದು ‘ಆದರೆ’, ಗಾಳಿ ತೆಂಕಣದ್ದಾದರೆ, ಬಲೆ ಹೊಸದಾದರೆ, ಎಂಜಿನ್ನು ಹಳೆಯದಾದರೆ, ಅದರೊಳಗೆ ಅಮಾವಾಸ್ಯೆಯಾದರೆ, ಪುಟ ದಾಟಿ ಪುಟ, ಬಲಕ್ಕೆ ಜರುಗಿ ಜರುಗಿ ಕೊನೆಯ ಸಾಲುಗಳು ಪರದೆಯಾಚೆ ಬಿದ್ದುಹೋಗುತ್ತಿದ್ದವು, ಕೇಳಿದರೆ ನಗುತ್ತಿದ್ದರು, ಬೋಟಿನವರು ಬಂದು ಒಂದೊಂದು ಹೇಳ್ತ್ರು ಹುಡ್ಗಿ, ಇಲ್ಲ ಅನ್ನೂಕಾಗ್ತದಾ, ಒಂದೊಂದು ಇಫ್ ಹಾಕಿ ಕಳಿಸ್ತೆ, ಅವ್ರಿಗೂ ಸಮಾಧಾನ ನಂಗೂ ಸಮಾಧಾನ. ಅವರಿಗೆ ಕಣ್ಣು ಮಂಜಾಗಿ ಮನೆಯಲ್ಲಿ ಕೂತ ಮೇಲೆ ಅದಕ್ಕೆ ಕೈ ಹಾಕಲು ಯಾರಿಗೂ ಧೈರ್ಯವಿಲ್ಲ, ಒಂದು ಸಾಲು ಮುಟ್ಟಿದರೆ ಮೂರು ಕಡೆ ಒಡೆಯುತ್ತದೆ, ಆಗಲೇ ಅಂಕೋಲೆಯ ಸೈಬರ್ ಕೆಫೆಯಲ್ಲಿ ಆ ಅನಲೈಜರ್ ಸಿಕ್ಕಿದ್ದು, ಪುಕ್ಕಟೆ, ಇಳಿಸಿಕೊಳ್ಳುವುದರಲ್ಲಿ ಎರಡು ಸಲ ಕರೆಂಟು ಹೋಯಿತು, ಅದು ಪ್ರೋಗ್ರಾಮನ್ನು ಓಡಿಸುವ ಮೊದಲೇ ಬರೇ ಓದಿ, ಯಾವ ಫಂಕ್ಷನ್ನಿನಲ್ಲಿ ಎಷ್ಟು ಕವಲು, ಯಾವುದು ಯಾವುದರ ನಕಲು, ಎಲ್ಲಿ ತೊಡಕು ಹೆಚ್ಚು, ಎಲ್ಲ ಎಣಿಸಿ ಹೇಳುತ್ತದೆ, ಹತ್ತರೊಳಗಿದ್ದರೆ ಮನುಷ್ಯರಿಗೆ ತಲೆಯಲ್ಲಿ ಹಿಡಿಯುತ್ತದಂತೆ, ಮಾಸ್ತರ ‘ತಡವಾಯಿತೇ’ಗೆ ಬಂದ ಅಂಕಿ ಅರವತ್ತೆಂಟು, ನಾನು ಜೋರಾಗಿ ನಕ್ಕೆ, ಪಕ್ಕದ ಕುರ್ಚಿಯ ಹುಡುಗ ಹೆದರಿ ತನ್ನ ಪರದೆ ಮುಚ್ಚಿದ, ಏನು ನೋಡುತ್ತಿದ್ದನೋ.

ಈ ಸಲದ ಮಳೆಗಾಲ ಪೂರ್ತಿ, ಬೋಟುಗಳೆಲ್ಲ ದಂಡೆಯ ಮೇಲೆ ತೆಂಗಿನ ಮಡಲು ಹೊದ್ದು ಮಲಗಿದ್ದಾಗ, ನಾನು ಈ ಕೋಣೆಯಲ್ಲಿ ಕೂತು ಕವಲು ಬಿಡಿಸಿದೆ, ಎಂಥ ಸುಖ ಅದು, ಒಂದೇ ಮಾತನ್ನು ಐದು ಕಡೆ ಬರೆದಿದ್ದರು, ಐದನ್ನು ತೆಗೆದು ಒಂದು ಮಾಡಿದೆ, ಗಾಳಿಯದ್ದೆಲ್ಲ ಒಂದು ಫಂಕ್ಷನ್, ಎಂಜಿನ್ನಿನದ್ದು ಒಂದು, ಬಲೆಯದ್ದನ್ನು ಒಂದು ಕೋಷ್ಟಕಕ್ಕೆ ಹಾಕಿದೆ, ಒಂದೊಂದು ಸಲ ಅನಲೈಜರ್ ಓಡಿಸಿದಾಗಲೂ ಅಂಕಿ ಇಳಿಯುತ್ತದೆ, ಐವತ್ತು, ಮೂವತ್ತೊಂದು, ಹದಿನಾಲ್ಕು, ಜ್ವರ ಇಳಿಯುವ ಕೂಸಿನ ಹಣೆ ಮುಟ್ಟಿ ಮುಟ್ಟಿ ನೋಡಿದ ಹಾಗೆ ನೋಡುತ್ತಿದ್ದೆ, ತಿದ್ದಿದ್ದು ಹಾಳಾಗಲಿಲ್ಲ ಅಂತ ಖಾತ್ರಿಗೆ ಹಿಂದಿನ ಎರಡು ವರ್ಷದ ಬೋಟುಗಳ ಹೋಗಿ-ಬಂದ ಹೊತ್ತನ್ನೆಲ್ಲ ಹಳೆಯದಕ್ಕೂ ಹೊಸದಕ್ಕೂ ಉಣಿಸಿದೆ, ಎರಡೂ ಒಂದೇ ಉತ್ತರ ಹೇಳಿದವು, ಒಂದು ಕೆಂಪೂ ಆಚೀಚೆ ಇಲ್ಲ, ಇನ್ನೇನು ಬೇಕು, ಓಡಿಸಿದಾಗ ಯಾವ ಸಾಲು ಓಡಿತು ಅಂತಲೂ ಗುರುತು ಹಾಕಿಕೊಳ್ಳುವ ಅನಲೈಜರ್ ಆಗ ಇನ್ನೊಂದು ತೋರಿಸಿತು — ಎರಡು ವರ್ಷದಲ್ಲಿ ಒಮ್ಮೆಯೂ ಓಡದ ಸಾಲುಗಳು, ಬೂದು ಬಣ್ಣದಲ್ಲಿ, ಸತ್ತವು ಅಂದುಕೊಂಡೆ, ಕೆಲವು ನಿಜಕ್ಕೂ ಸತ್ತವೇ, ಇಲ್ಲದ ಎಂಜಿನ್ನುಗಳದ್ದು, ಮಾರಿಹೋದ ಬೋಟುಗಳದ್ದು, ತೆಗೆದೆ, ಒಂದೊಂದೇ ತೆಗೆದೆ, ಕೊನೆಗೆ ಒಂಬತ್ತು, ಕುಣಿಯುವಷ್ಟು ಖುಷಿ, ಮಾಸ್ತರಿಗೆ ಫೋನು ಮಾಡಿ ಹೇಳಿದೆ, ಒಂಬತ್ತಾ, ಭೇಷ್, ನನ್ನ ಅರವತ್ತೆಂಟನ್ನ ಕಡಲಿಗೆ ಹಾಕ್ದೆ ಹಂಗಾರೆ, ಅವರು ನಗುತ್ತಿದ್ದರು, ಖುಷಿಯಲ್ಲೇ ನಗುತ್ತಿದ್ದರು — ಕೆಂಪು, ಇನ್ನೂ ಕೆಂಪು, ಎದುರಿಗೆ ದುರ್ಗಾ ಸೆರಗು ಸುತ್ತುತ್ತಿದ್ದಾಳೆ — ಹಾಗಾದರೆ ನಾನು ತೆಗೆದದ್ದರಲ್ಲಿ ಏನೋ ಬದುಕಿತ್ತೇ, ದೇವರೇ ಬದುಕಿರಲಿ, ತಪ್ಪು ನನ್ನದೇ ಆಗಿರಲಿ, ಹುಟ್ಟಿದ ಮೇಲೆ ಯಾರಾದರೂ ಹೀಗೆ ಬೇಡಿಕೊಂಡಿದ್ದಾರೋ, ನನ್ನ ಕೆಲಸ ಹಾಳಾಗಿರಲಿ, ಅಂಕಿ ಒಂಬತ್ತು ಸುಳ್ಳಾಗಿರಲಿ, ಊರೆಲ್ಲ ನಗಲಿ, ಕೆಂಪು ನನ್ನಿಂದ ಬಂದಿರಲಿ, ನೀರಿನಿಂದ ಬಂದದ್ದು ಬೇಡ.

ಹಳೆಯ ಪ್ರೋಗ್ರಾಂ ಸಿಡಿಯಲ್ಲಿದೆ, ಹಾಕಿದೆ, ಸರಿಯಾಗಿ ಕೂರಲಿಲ್ಲ, ಮತ್ತೆ ಹಾಕಿದೆ, ಹಳೆಯ ‘ತಡವಾಯಿತೇ’ಗೆ ಜಲದೇವಿಯ ನಂಬರು, ಇವತ್ತಿನ ದಿನ, ಈಗಿನ ಹೊತ್ತು — ಹಳದಿ. ಹಳದಿ ಅನ್ನುತ್ತದೆ ಅದು! ಇನ್ನೂ ಕಾಯಿರಿ ಅನ್ನುತ್ತದೆ, ಯಾಕೆ ಮಾರಾಯ, ಯಾಕೆ ಕಾಯಬೇಕು, ಯಾವ ಕವಲಲ್ಲಿ ಹೊಕ್ಕೆ, ಸಾಲು ಸಾಲು ಹಿಂಬಾಲಿಸಿ ಹೋದರೆ ಒಳಗೆ, ಒಳಗೆ, ಎಲ್ಲಕ್ಕಿಂತ ಒಳಗೆ ಬಲಕ್ಕೆ ಜರುಗಿ ಬಿದ್ದುಹೋದ ಜಾಗದಲ್ಲಿ, ಮೊದಲ ದಿನವಾಗಿದ್ದು ತೀರ ಏಳಾಗಿದ್ದರೆ ಒಂದು ಭರತಿ ಹೆಚ್ಚು ಕಾಯು, ತೀರ ಅಂದರೆ ಬೋಟಿನ ಮೂಲ ದಂಡೆಯ ನಂಬರು, ಭರತಿ ಅಂದರೆ ನೀರು ಏರುವ ಹೊತ್ತು, ಅಷ್ಟೇ, ಯಾಕೆ ಅಂತ ಬರೆದಿಲ್ಲ, ಮಾಸ್ತರು ಯಾಕೆ ಅಂತ ಎಂದೂ ಬರೆಯುವವರಲ್ಲ, ನೆನಪಾಯಿತು, ಇದನ್ನು ಬೂದು ಬಣ್ಣದಲ್ಲಿ ನೋಡಿದ್ದೆ, ತೀರಗಳ ಕೋಷ್ಟಕದಲ್ಲಿ ನೋಡಿದರೆ ಆರು ಇದೆ ಎಂಟು ಇದೆ, ಏಳರ ಎದುರು ಹೆಸರೇ ಇಲ್ಲ, ಖಾಲಿ, ಇಲ್ಲದ ತೀರಕ್ಕೆ ಕವಲು ಯಾಕೆ ಅಂತ ಅಳಿಸಿದೆ, ಅಳಿಸುವಾಗ ಚಹ ಕುಡಿಯುತ್ತಿದ್ದೆ. ಜಲದೇವಿಯ ತೀರ ನೋಡಿದೆ, ಏಳು, ಬೋಟುಗಳ ಪಟ್ಟಿಯಲ್ಲೆಲ್ಲ ಏಳು ಇರುವುದು ಇದಕ್ಕೊಂದಕ್ಕೇ. ಮಾಸ್ತರ ಮನೆಗೆ ಫೋನು, ಮೊಮ್ಮಗಳು ಎತ್ತಿ ಅಜ್ಜಾ ಅಂತ ಕೂಗಿದಳು, ಚಪ್ಪಲಿ ಎಳೆಯುವ ಸದ್ದು, ಯಾರು ಪೂರ್ಣಿಮಾನಾ, ಮಾಸ್ತರೇ ತೀರ ಏಳು ಅಂದ್ರೆ ಎಂತದು, ಏಳಾ, ಏಳು ಚೆಂಡಿಯಾ ಬದಿಯದು ಅಲ್ವೇ ಹುಡ್ಗಿ, ನಿಮ್ದೇ, ನೇವಿಗೆ ಹೋದ ತೀರ, ಆಮೇಲೆ ಆಫೀಸಿನವರು ಆ ಹೆಸ್ರು ಪಟ್ಟೀಲಿ ಬ್ಯಾಡ ಅಂದ್ರು ಅಳಿಸ್ದೆ, ನಂಬ್ರ ಅಳಿಸೂಕೆ ಮನ್ಸು ಬರ್ಲಿಲ್ಲ, ಆ ಒಂದು ಭರತಿ ಎಂತಕೆ ಮಾಸ್ತರೇ, ನಿನ್ನ ಅಪ್ಪ ಬಂದು ಹೇಳ್ದ, ಮೊದ್ಲ ದಿನ ನಾ ತಡಾ ಮಾಡಿ ಬತ್ತೆ, ನನ್ನ ಕಳ್ದೋದವ್ರ ಪೈಕಿ ಸೇರ್ಸಬ್ಯಾಡಿ ಮಾಸ್ತರೇ ಅಂದ, ಒಂದು ಇಫ್ ಹಾಕ್ದೆ, ಎಂತಕೆ ತಡ ಅಂತ ನಾ ಕೇಳ್ಲಿಲ್ಲ, ಅವ್ನ ಮುಖ ಹಂಗಿತ್ತು, ಎಂತಾಯ್ತೇ, ಎಂತೂ ಇಲ್ಲ ಮಾಸ್ತರೇ, ಆಮೇಲೆ ಮಾಡ್ತೆ.

ಎಂತಕೆ ಅಂತ ನನಗೆ ಗೊತ್ತು, ನಾನು ಆ ಬೋಟಿನಲ್ಲಿ ಇದ್ದೆ, ಒಮ್ಮೆ, ಹಟ ಮಾಡಿ ಹತ್ತಿದ್ದೆ, ಹಳೆಯ ಊರನ್ನು ನೇವಿಗೆ ಬಿಟ್ಟುಕೊಟ್ಟು ಕಾಲೊನಿಗೆ ಬಂದ ಮೇಲಿನ ಮೊದಲ ಸೀಸನ್ನು, ಎಲ್ಲರ ಬೋಟು ತಿರುಗಿದರೂ ಅಪ್ಪ ತಿರುಗಿಸಲಿಲ್ಲ, ನೇವಿಯ ಗೆರೆಯ ಹೊರಗೆ ಎಂಜಿನ್ನು ಬಂದ್ ಮಾಡಿ ಸುಮ್ಮನೆ ಕೂತ, ಎದುರಿಗೆ ನಮ್ಮ ದಂಡೆ, ನಮ್ಮ ಗಾಳಿಮರ, ಮನೆ ಇದ್ದಲ್ಲಿ ಬಿಳಿ ಗೋಡೆ, ಹೊಟ್ಟೆ ಹಸಿದ ನಿತಿನ ಆಯಿ ಕೊಟ್ಟ ರೊಟ್ಟಿ ಕೇಳಿ ಕೇಳಿ ತಿನ್ನುತ್ತಿದ್ದ, ಮೊದಲ ಬಲೆಯ ದಿನ ನಮ್ಮ ಮನೆಯವರು ದಂಡೆಗೆ ಕಾಯಿ ಒಪ್ಪಿಸಿಯೇ ಬಲೆ ಒಣಗಿಸುವುದು, ಅಜ್ಜನ ಅಜ್ಜನಿಂದ ಹಾಗೇ, ಈಗ ದಂಡೆಗೆ ಕಾಲಿಡುವಂತಿಲ್ಲ, ಹಾಗಾಗಿ ಅಪ್ಪ ನೀರು ಏರಲಿಕ್ಕೆ ಕಾಯುತ್ತಿದ್ದ, ಏರುವ ನೀರಿಗೆ ಬಿಟ್ಟರೆ ಕಾಯಿ ತಾನಾಗಿ ದಂಡೆಗೆ ಹೋಗುತ್ತದೆ, ಇಳಿಯುವ ನೀರಿಗೆ ಬಿಟ್ಟರೆ ಹೋಗುವುದಿಲ್ಲ, ನಮ್ಗೆ ಒಳ್ಗೆ ಬಿಡೂದಿಲ್ಲ ಮಗಾ, ಕಾಯಿಗೆ ಪಾಸು ಬೇಕಾ, ಅಂತ ನಕ್ಕ, ನಗುತ್ತಲೇ ಅಣಿಯಲ್ಲಿ, ಬೋಟಿನ ಮುಂತುದಿಯಲ್ಲಿ, ಎದ್ದು ನಿಂತ, ಸೊಂಟದ ತನಕ ಒದ್ದೆ, ಕಾಯಿಗೆ ಉಪ್ಪುನೀರು ಮೊದಲೇ ತಾಗಬಾರದು ಅಂತ ತಲೆಯ ಮೇಲೆ ಎತ್ತಿ ಹಿಡಿದಿದ್ದ, ಎತ್ತಿದ ಕೈ, ಕೈಯಲ್ಲಿ ಕಾಯಿ, ಕಾಯಿಯ ಮೇಲೆ ಗಾಳಿಗೆ ನಡುಗುವ ಜುಟ್ಟು — ನಿತಿನ ಮಾತ್ರ, ಅಪ್ಪಾ ನೇವಿಯವ್ರು ಅದ್ನ ಹೆಕ್ಕಿ ಚಟ್ನಿ ಮಾಡ್ತ್ರು ನೋಡು, ಮಾಡ್ಲಿ ಬಿಡಾ, ನಮ್ಮ ದಂಡೇಲಿ ಕೂತು ಉಂಡ್ರೆ ನಮ್ಮ ನೆಂಟ್ರೇ. ಅಪ್ಪ ಹೋಗಿ ಎರಡು ವರ್ಷ, ಸೂತಕದ ವರ್ಷ ಜಲದೇವಿ ಮಡಲಿನಡಿಯಿಂದ ಕದಲಲಿಲ್ಲ, ಮರುವರ್ಷ ನಿತಿನ ಮಲ್ಪೆಯ ಬೋಟಿಗೆ ಹೋದ, ಎರಡು ಮೊದಲ ದಿನ ಜಲದೇವಿಯಲ್ಲಿ ಯಾರೂ ಹೋಗಲಿಲ್ಲ, ಅದೇ ಎರಡು ವರ್ಷ ನಾನು ಅನಲೈಜರಿಗೆ ಉಣಿಸಿದ್ದು, ಅದು ಸುಳ್ಳು ಹೇಳಲಿಲ್ಲ ಪಾಪ, ಓಡಲಿಲ್ಲ ಅಂದಿತು, ಸತ್ತಿದೆ ಅಂದುಕೊಂಡವಳು ನಾನು.

ಸಾಲು ತಿರುಗಿ ಹಾಕುತ್ತಿದ್ದೇನೆ, ಹೊಸದರಲ್ಲಿ ಹೊಸದರ ಹಾಗೆ, ತೀರ ಏಳರ ಎದುರು ಹೆಸರು ಬರೆದೆ, ಅದಕ್ಕೊಂದು ಪುಟ್ಟ ಫಂಕ್ಷನ್, ‘ದಂಡೆಗೆ ಕಾಯಿ’ ಅಂತ, ಯಾಕೆ ಅಂತಲೂ ಮೇಲೊಂದು ಸಾಲು ಬರೆದೆ, ಬೆರಳು ತಪ್ಪುತ್ತದೆ, ಅಳಿಸು, ಮತ್ತೆ, ಅನಲೈಜರ್ ಓಡಿಸಿದೆ, ಇಂಥ ಹೊತ್ತಲ್ಲೂ ಓಡಿಸಿದೆ, ಚಟ, ‘ತಡವಾಯಿತೇ’ಗೆ ಹತ್ತು, ಇರಲಿ, ಹತ್ತು ತಲೆಯಲ್ಲಿ ಹಿಡಿಯುತ್ತದೆ, ಪರದೆಯಲ್ಲಿ ಜಲದೇವಿ ಹಳದಿ. ಗಾಜಿನಾಚೆ ದುರ್ಗಾ ಸೆರಗು ಬಿಟ್ಟು ಕತ್ತು ಚಾಚಿದಳು, ಕಿಶನ ಬಸಿ ಕೆಳಗಿಟ್ಟ, ಹಳದಿ ಆಯ್ತಲ್ಲ ಪೂರ್ಣಿಮಕ್ಕ, ಆಯ್ತು ಅಂದೆ, ಮತ್ತೆ ಫೋನ್ ಬ್ಯಾಡ್ವಾ — ಬೇಡ ಅನ್ನುವ ಹಾಗಿಲ್ಲ, ಯಾಕೆಂದರೆ ಹಳದಿ ಮಾಡಿದ್ದು ನಾನು, ಕಡಲು ಏನೂ ಹೇಳಿಲ್ಲ, ನನ್ನ ಆಸೆಯನ್ನು ನಾನೇ ಬರೆದು ಪರದೆಯಿಂದ ಓದಿಸಿಕೊಂಡೆ ಅಷ್ಟೇ, ಪ್ರೋಗ್ರಾಮಿಗೆ ಅಪ್ಪ ಗೊತ್ತು, ನಿತಿನ ಗೊತ್ತಿಲ್ಲ, ನಿತಿನ ಆ ಗೆರೆಯ ಹತ್ತಿರ ಕೂತಿದ್ದರೆ ಸರಿ, ಹುಡುಕುವವರನ್ನು ಕಳಿಸಿದರೆ ಇಲ್ಲಿ ಎಂತಕೆ ನಿಂತೆ ಅಂತ ಹಿಡಿದು ಬೋಟಿನ ಲೈಸನ್ಸೇ ಹೋದೀತು, ಆದರೆ ಅಲ್ಲಿಲ್ಲದಿದ್ದರೆ, ಎಂಜಿನ್ನು ಕೆಟ್ಟು ಕೂರ್ಮಗಡ ದ್ವೀಪದಾಚೆ ತೇಲುತ್ತಿದ್ದರೆ, ನನ್ನ ಹಳದಿಯನ್ನು ನಂಬಿ ನಾವು ಇಲ್ಲಿ ಚಹ ಕುಡಿಯುತ್ತಿದ್ದರೆ, ಬೆಳಕು ಹೋದರೆ — ನಿತಿನ ಕಾಯಿ ಬಿಡುವವನೇ? ಎಲ್ಲಕ್ಕೂ ಗೇಲಿ, ಮೊಬೈಲಿನಲ್ಲಿ ಕೋಳಿ ಕೂಗುವ ರಿಂಗು ಇಟ್ಟುಕೊಂಡವನು, ಅಪ್ಪನ ದಿನಕರ್ಮದಲ್ಲೂ ಭಟ್ಟರ ಮೂಗಿನ ದನಿ ಅಣಕಿಸಿ ಆಯಿಯ ಕೈಯಲ್ಲಿ ಪೆಟ್ಟು ತಿಂದವನು, ಅಂದು ರಾತ್ರಿ ಮಾತ್ರ ಅಪ್ಪನ ಅಂಗಿ ಹಾಕಿಕೊಂಡು ಮಲಗಿದ್ದ, ಸೆಕೆಗೆ ತೆಳ್ಳಗಿದ್ದದ್ದು ಸಿಕ್ತು ಅಂದ, ಸೆಕೆ ಎಲ್ಲಿತ್ತು, ಮಳೆ ಬರುತ್ತಿತ್ತು.

ಮಧ್ಯಾಹ್ನ ದುರ್ಗಾ ಡಬ್ಬಿ ತಂದಾಗ ಏನೋ ಹೇಳಿದ್ದಳು, ಏನದು, ಅವಳು ಮಂಜಗುಣಿಯ ಹುಡುಗಿ, ಮದುವೆಯಾಗಿ ಇದೇ ಮೊದಲ ಸೀಸನ್ನು, ನಮ್ಮ ಮನೆಯ ರೀತಿ ಒಂದೂ ಗೊತ್ತಿಲ್ಲ, ಅಕ್ಕಾ ನಿಮ್ಮ ತಮ್ಮಂಗೆ ಎಷ್ಟು ಹಸಿವ್ರೇ, ನಸುಕ್ನಲ್ಲಿ ಎದ್ದು ಅವಲಕ್ಕಿ ಕಟ್ಕಂಡ, ಮೇಲಿಂದ ಒಂದು ಇಡೀ ಕಾಯಿ ತಕಂಡ ಹೋದ, ಬೋಟ್ನಲ್ಲಿ ತುರಿಮಣೆ ಅದ್ಯಾ ಕೇಳ್ದೆ, ಹಲ್ಲು ಅದೆ ಅಂದ, ನಾವಿಬ್ಬರೂ ನಕ್ಕೆವು, ನಾನು ಬಾಯಲ್ಲಿ ತುತ್ತಿಟ್ಟುಕೊಂಡೇ ನಕ್ಕೆ, ಕಾಯಿ, ಇಡೀ ಕಾಯಿ, ಅವಲಕ್ಕಿಗೂ ಆಗಬಹುದು, ಅವನು ಕಾಯಿ ಒಡೆದು ಅವಲಕ್ಕಿಯ ಜೊತೆ ಕಡಿದು ತಿನ್ನುವವನೇ, ಮಲ್ಪೆಯಲ್ಲಿ ಕಲಿತು ಬಂದಿದ್ದಾನೆ, ಹೇಗೆ ಗೊತ್ತಾಗುವುದು, ತಿನ್ನುವ ಕಾಯಿಯೋ ಬಿಡುವ ಕಾಯಿಯೋ — ಜುಟ್ಟು! ತಿನ್ನುವುದಕ್ಕೆ ಸುಲಿಯುವವರು ಪೂರಾ ಸುಲಿದು ಬೋಳು ಮಾಡುತ್ತಾರೆ, ಒಪ್ಪಿಸುವುದಕ್ಕೆ ಸುಲಿಯುವವರು ತುದಿಯಲ್ಲಿ ಜುಟ್ಟು ಬಿಡುತ್ತಾರೆ, ಜುಟ್ಟಿಲ್ಲದ್ದು ಕಡಲಿಗಾಗಲಿ ದೇವರಿಗಾಗಲಿ ಸಲ್ಲುವುದಿಲ್ಲ, ಅಪ್ಪ ಎತ್ತಿದ ಕೈ, ಕಾಯಿಯ ಮೇಲೆ ನಡುಗುವ ಜುಟ್ಟು, ದುರ್ಗಾ, ದುರ್ಗಾ, ಕೂಗಿದೆ, ಮಂಜುಗಡ್ಡೆಯ ಮಿಶನ್ನು ನನ್ನ ದನಿಯನ್ನು ಅರೆದು ಹಾಕಿತು, ಗಾಜು ತೆರೆಯಲು ಹೋದರೆ ಮಳೆಗೆ ಉಬ್ಬಿದ ಚೌಕಟ್ಟು ಜಪ್ಪೆನ್ನಲಿಲ್ಲ, ಹಿಂದೆ ಕಿಶನ ರಿಸೀವರ್ ಎತ್ತಿದ, ಪೂರ್ಣಿಮಕ್ಕ ನಂಗೆ ಧೈರ್ಯ ಇಲ್ಲ, ನಾ ಮಾಡೇ ಬಿಡ್ತೆ, ಒಂದು ಗಳಿಗೆ ಕಿಶನ, ಒಂದೇ ಗಳಿಗೆ, ನಾನು ಎಡಗೈ ಮುಷ್ಟಿ ಮಾಡಿ ಗಾಜಿಗೆ ಹಿಡಿದೆ, ಕಾಯಿ, ಕಾಯಿ ಕಣೇ, ಬಲಗೈಯ ಮೂರು ಬೆರಳು ಒಟ್ಟು ಮಾಡಿ ಅದರ ನೆತ್ತಿಯ ಮೇಲೆ ನೆಟ್ಟೆ, ಇತ್ತಾ, ಹುಬ್ಬು ಏರಿಸಿ ಕೇಳಿದೆ, ಬೆರಳು ತೆಗೆದೆ, ಇರಲಿಲ್ಲವಾ, ಮತ್ತೆ ನೆಟ್ಟೆ, ಇತ್ತಾ, ಅವಳಿಗೆ ಅರ್ಥವಾಗಲಿಲ್ಲ, ಊಟ ಅಂದುಕೊಂಡಳೋ ಏನೋ ಖಾಲಿ ಡಬ್ಬಿ ತೋರಿಸಿದಳು, ಅಲ್ಲ ಮಾರಾಯ್ತಿ ಅಲ್ಲ, ಮತ್ತೆ ಮುಷ್ಟಿ, ಮತ್ತೆ ಬೆರಳು, ಕಿಶನ ಮೊದಲ ಅಂಕಿ ಒತ್ತಿದ ಸದ್ದು, ಎರಡನೆಯದು, ದುರ್ಗಾ ಬುಟ್ಟಿಯಿಂದ ಎದ್ದಳು, ಗಾಜಿನ ಹತ್ತಿರ ಬಂದಳು, ನನ್ನ ಕೈ ನೋಡಿದಳು, ನನ್ನ ಮುಖ ನೋಡಿದಳು, ನಸುಕಿನ ಚಿಮಣಿಯ ಬೆಳಕಿನಲ್ಲಿ ಕಂಡದ್ದನ್ನು ನೆನೆಯುತ್ತಿದ್ದಾಳೆ, ನಿಧಾನ, ಎಷ್ಟು ನಿಧಾನ, ತನ್ನ ಕೈ ಎತ್ತಿದಳು, ತಲೆಗಿಂತ ಮೇಲೆ ಎತ್ತಿದಳು, ಮುಷ್ಟಿ ಕಟ್ಟಿದಳು, ಇನ್ನೊಂದು ಕೈಯ ಬೆರಳುಗಳನ್ನು ಒಟ್ಟು ಮಾಡಿ ತಂದು — ಇಡು ಕಿಶನ, ಫೋನಿಡು, ಇಡೋ — ಉಪ್ಪು ಹಿಡಿದ ಗಾಜಿನಾಚೆ ಎತ್ತಿದ ಕೈ, ಮುಷ್ಟಿ, ಮುಷ್ಟಿಯ ಮೇಲೆ ಜುಟ್ಟು, ಗಾಳಿಗೆ ನಡುಗುವ ಜುಟ್ಟು, ಜುಟ್ಟು